ಮನೆಯ ಸಂಜೆಯನ್ನು ಉಳಿಸುವ ಹೊಣೆ ಯಾರದು?

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಂದು ಹೊಸದೊಂದು ಕಾನೂನು ಜಾರಿಗೆ ಬಂದಿತು. 16 ವರ್ಷ ತುಂಬದ ಮಕ್ಕಳು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಮೊದಲಾದ ತಾಣಗಳಲ್ಲಿ ಖಾತೆ ಹೊಂದುವುದಕ್ಕೆ ಅದು ತಡೆಯೊಡ್ಡಿದೆ. ಅಲ್ಲಿನ ಸಂಸತ್ತು 2024ರ ನವೆಂಬರ್‌ನಲ್ಲಿ ಅಂಗೀಕರಿಸಿದ ಈ ಕಾನೂನಿನಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಿಯಮ ಮುರಿದ ಮಗುವಿಗಾಗಲಿ, ಅದರ ತಂದೆತಾಯಿಗಳಿಗಾಗಲಿ ಅದರಲ್ಲಿ ಶಿಕ್ಷೆಯಿಲ್ಲ. ಮಕ್ಕಳನ್ನು ದೂರವಿಡಲು ತಕ್ಕ ಕ್ರಮ ಕೈಗೊಳ್ಳದ ಕಂಪೆನಿಗೆ ಮಾತ್ರ 4 ಕೋಟಿ 95 ಲಕ್ಷ ಆಸ್ಟ್ರೇಲಿಯನ್ ಡಾಲರುಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಬೀದಿಯಲ್ಲಿ ನಿಂತು ಕರೆಯುವವನನ್ನು ಹಿಡಿದು ಕೇಳಬೇಕೇ ಹೊರತು, ಆ ಕರೆಗೆ ಓಗೊಟ್ಟ ಎಳೆಯರನ್ನಲ್ಲ ಎಂಬುದು ಆ ದೇಶ ತಳೆದ ನಿಲುವು.

ನಮ್ಮ ದೇಶವೂ ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ಮಾಹಿತಿಯನ್ನು ಬಳಸುವ ಮುನ್ನ ತಂದೆತಾಯಿಗಳ ದೃಢೀಕೃತ ಒಪ್ಪಿಗೆಯನ್ನು ಪಡೆಯಬೇಕೆಂದು ವಿಧಿಸಿದೆ. ಮಕ್ಕಳ ನಡೆಯನ್ನು ಬೆಂಬತ್ತಿ ಅವರಿಗೆಂದೇ ಜಾಹೀರಾತು ಹೆಣೆಯುವುದನ್ನು ನಿಷೇಧಿಸಿದೆ. ಅದರ ನಿಯಮಾವಳಿ 2025ರ ನವೆಂಬರ್‌ನಲ್ಲಿ ಪ್ರಕಟವಾದಾಗ ಮುಖ್ಯ ವಿಧಿಗಳ ಪಾಲನೆಗೆ 18 ತಿಂಗಳ ಕಾಲಾವಕಾಶವನ್ನು ನೀಡಲಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮತ್ತೊಂದು ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು.

ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಈ ಕಾನೂನುಗಳ ದೃಷ್ಟಿ ಬಹುಮಟ್ಟಿಗೆ ಮಗುವಿನ ಮೇಲಿದೆ. ಮಗುವಿನ ಕೈಗೆ ಮೊಬೈಲನ್ನು ಮೊದಲು ಕೊಟ್ಟವರು ಯಾರು? ಅದನ್ನು ಹೇಗೆ ಹಿಡಿಯಬೇಕು, ಎಷ್ಟು ಹೊತ್ತು ಹಿಡಿಯಬೇಕು, ಎದುರಿಗೆ ಒಬ್ಬರು ಮಾತನಾಡುತ್ತಿರುವಾಗಲೂ ಅದರತ್ತ ಹೇಗೆ ಕಣ್ಣು ಹಾಯಿಸಬೇಕು ಎಂಬುದನ್ನೆಲ್ಲ ಮಗು ಯಾರನ್ನು ನೋಡಿ ಕಲಿಯಿತು? ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಮ್ಮ ಹಿರಿಯರು ಹೇಳಿದ್ದು ಒಳ್ಳೆಯ ಗುಣಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಕಾನೂನು ಕಂಪೆನಿಯ ಕಚೇರಿಯವರೆಗೆ ಹೋಗಬಲ್ಲುದು. ನಮ್ಮ ಊಟದ ಮೇಜಿನವರೆಗೆ ಬರಲಾರದು. ಆದುದರಿಂದ ಹಿರಿಯರಾದ ನಮ್ಮ ಅಭ್ಯಾಸಗಳನ್ನು ನಾವೇ ವಿವೇಚಿಸಬೇಕಾಗಿದೆ.

ರೋಗವೋ, ರೂಢಿಯೋ?

ಈ ವಿಷಯದ ಕುರಿತು ಮಾತನಾಡುವಾಗ ‘ಚಟ’, ‘ವ್ಯಸನ’ ಎಂಬ ಪದಗಳು ಸಲೀಸಾಗಿ ಬಾಯಿಗೆ ಬರುತ್ತವೆ. ಆದರೆ ಪದಗಳನ್ನು ತೂಗಿ ಬಳಸುವುದು ಒಳಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ವಿಡಿಯೊ ಆಟಗಳ ವ್ಯಸನವನ್ನು ಒಂದು ಮನೋರೋಗವೆಂದು ಸೇರಿಸಿದೆ. ಆಟದ ಮೇಲೆ ಹಿಡಿತ ತಪ್ಪಿ, ಉಳಿದೆಲ್ಲ ಕರ್ತವ್ಯಗಳಿಗಿಂತ ಆಟವೇ ಮುಖ್ಯವಾಗಿ, ಹಾನಿಯಾಗುತ್ತಿದೆಯೆಂದು ತಿಳಿದರೂ ಬಿಡಲಾಗದ ಸ್ಥಿತಿಯು ಸಾಮಾನ್ಯವಾಗಿ ಒಂದು ವರ್ಷ ಕಾಲವಾದರೂ ಮುಂದುವರಿದಿದ್ದರೆ ಮಾತ್ರ ಅದನ್ನು ರೋಗವೆಂದು ಪರಿಗಣಿಸಲಾಗುತ್ತದೆ. ಅಂತಹ ಸ್ಥಿತಿಗೆ ತಲಪಿದವರಿಗೆ ಚಿಕಿತ್ಸೆಯ ಅಗತ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೀಡಾದವರಿಗಾಗಿ ‘ಶಟ್ ಕ್ಲಿನಿಕ್’ ಎಂಬ ವಿಶೇಷ ಚಿಕಿತ್ಸಾಲಯವನ್ನು ತೆರೆದಿದೆ. ಮನೆಯ ಮಗನೊಬ್ಬ ಶಾಲೆ, ಊಟ, ನಿದ್ರೆಗಳನ್ನು ತೊರೆದು ಕೋಣೆಯ ಬಾಗಿಲು ಮುಚ್ಚಿ ಕುಳಿತಿದ್ದರೆ ಅವನನ್ನು ಬೈದು ಫಲವಿಲ್ಲ. ಜ್ವರ ಬಂದವನನ್ನು ವೈದ್ಯರಲ್ಲಿಗೆ ಕರೆದೊಯ್ಯುವಷ್ಟೇ ಸಹಜವಾಗಿ, ನಾಚಿಕೆಪಡದೆ ಅವನನ್ನೂ ಕರೆದೊಯ್ಯಬೇಕು.

ಆದರೆ ನಮ್ಮಲ್ಲಿ ಬಹುಪಾಲು ಮಂದಿಯದು ರೋಗವಲ್ಲ, ರೂಢಿ. ಬೆಳಿಗ್ಗೆ ಕಣ್ಣುಬಿಟ್ಟೊಡನೆ ಕೈ ದಿಂಬಿನ ಬಳಿ ತಡವುತ್ತದೆ. ಬಸ್ಸು ಬರಲು ಐದು ನಿಮಿಷವಿದ್ದರೆ ಕೈ ಜೇಬಿಗೆ ಹೋಗುತ್ತದೆ. ಗಂಟೆ ಎಷ್ಟೆಂದು ನೋಡಲು ತೆರೆದ ಮೊಬೈಲನ್ನು ಇಪ್ಪತ್ತು ನಿಮಿಷದ ಮೇಲೆ ಕೆಳಗಿಟ್ಟಾಗ ಗಂಟೆ ಎಷ್ಟೆಂಬುದೇ ನೆನಪಿರುವುದಿಲ್ಲ. ಇದಾವುದೂ ಮಹಾಪರಾಧವಲ್ಲ, ಹಾಗಿರುವುದರಿಂದಲೇ ನಾವು ಇದನ್ನು ಪ್ರಶ್ನಿಸುವುದಿಲ್ಲ. ದಿನವೊಂದರಲ್ಲಿ ಹೀಗೆ ಸೋರಿಹೋಗುವ ಹೊತ್ತನ್ನು ಕೂಡಿಸಿ ನೋಡಿದರೆ ಒಂದು ಮನೆಯ ಸಂಜೆ ಎಲ್ಲಿಗೆ ಹೋಯಿತೆಂಬುದು ತಿಳಿಯುತ್ತದೆ.

ಮನಸ್ಸಿನ ಈ ಚಂಚಲತೆ ಇಂದು ನಿನ್ನೆಯದಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ವಾಸಿಸಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿಯು ಏಕಾಂತದಲ್ಲಿದ್ದ ತಪಸ್ವಿಗಳನ್ನು ಹಗಲಿನಲ್ಲಿ ಕಾಡುವ ಬೇಸರವನ್ನು ವಿವರಿಸಿದ್ದಾನೆ. ಪ್ರಾರ್ಥನೆಗೆ ಕುಳಿತವನಿಗೆ ದಿನವು ಮುಗಿಯುವುದೇ ಇಲ್ಲವೆನಿಸುತ್ತದೆ; ಅವನು ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಸೂರ್ಯ ಎಷ್ಟು ಇಳಿದನೆಂದು ಅಳೆಯುತ್ತಾನೆ, ಯಾರಾದರೂ ಸೋದರರು ಬರುವರೋ ಎಂದು ಕಾಯುತ್ತಾನೆ. ಅವನ ಕೈಯಲ್ಲಿ ಮೊಬೈಲ್ ಇರಲಿಲ್ಲವಷ್ಟೆ. ಹಾಗಾದರೆ ಹೊಸತೇನು? ಅಂದಿನ ತಪಸ್ವಿಯ ಬೇಸರದಿಂದ ಯಾರಿಗೂ ಲಾಭವಿರಲಿಲ್ಲ. ಇಂದು ನಮ್ಮ ಬೇಸರವೇ ಜಗತ್ತಿನ ಅತಿ ಶ್ರೀಮಂತ ಉದ್ಯಮಗಳ ಕಚ್ಚಾವಸ್ತು.

ಉಪಕರಣದೊಳಗಿನ ಯುಕ್ತಿ

ಈ ಉದ್ಯಮದ ಲೆಕ್ಕಾಚಾರ ಸರಳವಾದುದು. ನಾವು ಹಣ ಕೊಡದೆ ಬಳಸುವ ತಾಣಗಳು ಜಾಹೀರಾತಿನಿಂದ ಬದುಕುತ್ತವೆ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತು, ಹೆಚ್ಚು ಆದಾಯ. ಆದುದರಿಂದ ನಾವು ಹೊರಗೆ ಹೋಗದಂತೆ ನೋಡಿಕೊಳ್ಳುವುದೇ ಅಲ್ಲಿನ ಕುಶಲಕರ್ಮಿಗಳ ಕೆಲಸವಾಗುತ್ತದೆ.

ಅಮೆರಿಕೆಯ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ದೊರೆತರೆ ಪಕ್ಷಿಯು ಹಸಿವಾದಾಗ ಕುಕ್ಕಿ, ಹೊಟ್ಟೆ ತುಂಬಿದಾಗ ಸುಮ್ಮನಾಗುತ್ತದೆ. ಆದರೆ ಕಾಳು ಒಮ್ಮೆ ದೊರೆತು, ಮತ್ತೊಮ್ಮೆ ದೊರೆಯದೆ, ಯಾವಾಗ ದೊರೆಯುವುದೆಂಬುದು ತಿಳಿಯದಂತಾದರೆ ಅದು ಬಿಡದೆ ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರದ ಮುಂದೆ ಕುಳಿತವನ ಸ್ಥಿತಿಯೂ ಇದೇ. ಮೊಬೈಲ್ ತೆರೆದಾಗ ನಮಗೆ ಪ್ರಿಯವಾದ ಸುದ್ದಿಯೊಂದು ಇರಬಹುದು, ಇಲ್ಲದಿರಬಹುದು. ಈ ಅನಿಶ್ಚಯವೇ ನಮ್ಮ ಬೆರಳನ್ನು ಮತ್ತೆ ಮತ್ತೆ ಎಳೆಯುತ್ತದೆ.

ಹಿಂದಿನ ದಿನಪತ್ರಿಕೆಗೆ ಕೊನೆಯ ಪುಟವೊಂದಿತ್ತು. ದೂರದರ್ಶನದ ಧಾರಾವಾಹಿಯು ಅರ್ಧ ಗಂಟೆಗೆ ಮುಗಿದು, ಮುಂದಿನ ವಾರದವರೆಗೆ ಕಾಯಿಸುತ್ತಿತ್ತು. ಮೊಬೈಲಿನ ಪುಟಕ್ಕೆ ಮಾತ್ರ ಕೊನೆಯೆಂಬುದಿಲ್ಲ. ಎಷ್ಟು ಸರಿಸಿದರೂ ಕೆಳಗಿನಿಂದ ಹೊಸತು ಬರುತ್ತಲೇ ಇರುವ ಈ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರು ಅಜಾ ರಾಸ್ಕಿನ್ ಎಂಬ ಅಮೆರಿಕನ್ ತಂತ್ರಜ್ಞರು. ಅದರಿಂದಾದ ಪರಿಣಾಮವನ್ನು ಕಂಡು ಅವರೇ ಬಳಿಕ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷರಾಗಿದ್ದ ಶಾನ್ ಪಾರ್ಕರ್ 2017ರಲ್ಲಿ ಇನ್ನೂ ನೇರವಾಗಿ ಮಾತನಾಡಿದರು. ಜನರ ಸಮಯವನ್ನೂ ಗಮನವನ್ನೂ ಆದಷ್ಟು ಹೆಚ್ಚಾಗಿ ಸೆಳೆದುಕೊಳ್ಳುವುದು ಹೇಗೆಂಬುದೇ ಆರಂಭದ ಚಿಂತನೆಯಾಗಿತ್ತು, ಮಾನವ ಮನಸ್ಸಿನ ದೌರ್ಬಲ್ಯವೊಂದನ್ನು ತಿಳಿದೂ ಬಳಸಿಕೊಳ್ಳಲಾಯಿತು ಎಂಬುದು ಅವರ ಮಾತಿನ ಸಾರ. ಅದೇ ವರ್ಷ ನೆಟ್‌ಫ್ಲಿಕ್ಸ್ ಸಂಸ್ಥೆಯ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ತಮ್ಮ ಸಂಸ್ಥೆಯ ಸ್ಪರ್ಧೆ ಜನರ ನಿದ್ರೆಯೊಡನೆ ಎಂದಿದ್ದರು.

ನಮ್ಮ ದೇಶದ ಮಟ್ಟಿಗೆ ಇದಕ್ಕೆ ಅಗ್ಗದ ದತ್ತಾಂಶವೂ ಜೊತೆಗೂಡಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಲೆಕ್ಕದಂತೆ 2014ರಲ್ಲಿ ಒಂದು ಜಿಬಿ ದತ್ತಾಂಶಕ್ಕೆ ಸರಾಸರಿ 269 ರೂಪಾಯಿ ತಗಲುತ್ತಿದ್ದರೆ 2018ರ ಹೊತ್ತಿಗೆ ಅದು 12 ರೂಪಾಯಿಗೂ ಕೆಳಗಿಳಿದಿತ್ತು. ಇದರಿಂದ ಬಡವರ ಮನೆಗೂ ಜಗತ್ತಿನ ಜ್ಞಾನ ತಲಪಿತೆಂಬುದು ನಿಜ. ಆದರೆ ಹಿಂದೆ ಬೆಲೆಯೇ ಒಂದು ಬೇಲಿಯಾಗಿತ್ತು. ಆ ಬೇಲಿ ಬಿದ್ದುಹೋದ ಮೇಲೆ ಬೇರೊಂದು ಬೇಲಿಯನ್ನು ನಾವು ಕಟ್ಟಿಕೊಳ್ಳಲಿಲ್ಲ. 2020ರ ಮಾರ್ಚ್‌ನಲ್ಲಿ ದೇಶವೆಲ್ಲ ಸ್ತಬ್ಧಗೊಂಡಾಗ ಶಾಲೆಯ ಪಾಠವೂ ಭಾನುವಾರದ ಬಲಿಪೂಜೆಯೂ ಅದೇ ಪರದೆಯ ಮೇಲೆ ಬಂದವು. ಆ ಸಂಕಟಕಾಲದಲ್ಲಿ ಅದು ಅನಿವಾರ್ಯವಾಗಿತ್ತು, ಉಪಕಾರವೂ ಆಗಿತ್ತು. ಸಂಕಟ ಕಳೆದ ಮೇಲೂ ರೂಢಿ ಮಾತ್ರ ಉಳಿಯಿತು.

ಒಂದು ಸಣ್ಣ ತಡೆಯ ಬೆಲೆ

ಈ ರೂಢಿಗಳಿಂದ ಸಮಯ ಮಾತ್ರ ನಷ್ಟವಾಗುತ್ತದೆಂದು ಭಾವಿಸುವವರು 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದುದನ್ನು ನೆನಪಿಸಿಕೊಳ್ಳಬೇಕು. ಹೈದರಾಬಾದಿನಿಂದ ಬಂದಿದ್ದ ಯುವಕರನ್ನು ಮಕ್ಕಳ ಕಳ್ಳರೆಂದು ಬಗೆದ ಗುಂಪೊಂದು ಹೊಡೆದು, ಅವರಲ್ಲೊಬ್ಬ ಪ್ರಾಣ ತೆತ್ತನು. ಅವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಸಂಶಯಕ್ಕೆ ಕಾರಣವಾಗಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳುಸುದ್ದಿಗಳು ಆ ದಿನಗಳಲ್ಲಿ ವಾಟ್ಸಾಪ್ ಮೂಲಕ ದೇಶದ ಅನೇಕ ರಾಜ್ಯಗಳಲ್ಲಿ ಹರಿದಾಡಿ ಹಲವರ ಜೀವ ತೆಗೆದಿದ್ದವು. ಆ ಸಂದೇಶಗಳನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಹೆಚ್ಚಿನವರು ದುಷ್ಟರಾಗಿರಲಾರರು. ಮನೆಯಲ್ಲಿ ಮಕ್ಕಳಿರುವವರು, ನೆರೆಹೊರೆಯವರನ್ನು ಎಚ್ಚರಿಸಬೇಕೆಂದುಕೊಂಡವರು, ಓದಿದೊಡನೆ ಬೆರಳೊತ್ತುವ ರೂಢಿಯವರು ಅವರಲ್ಲಿ ಎಷ್ಟು ಮಂದಿ ಇದ್ದಿರಬಹುದು! ಎಲ್ಲ ಬೆರಳುಗಳ ಒತ್ತುವಿಕೆಯೂ ಸೇರಿ ಎಲ್ಲಿಯೋ ಒಂದು ಊರಿನಲ್ಲಿ ಕಲ್ಲಾಯಿತು, ದೊಣ್ಣೆಯಾಯಿತು.

ಆ ಬಳಿಕ ನಡೆದುದು ನಮ್ಮ ವಿಚಾರಕ್ಕೆ ಮುಖ್ಯವಾದುದು. ಅದೇ ಜುಲೈ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸಲಾಗದಂತೆ ಮಿತಿ ಹೇರಲು ಮುಂದಾಯಿತು. 2019ರ ಜನವರಿಯಲ್ಲಿ ಅದನ್ನು ಜಗತ್ತಿಗೆಲ್ಲ ವಿಸ್ತರಿಸಿತು. 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಅನೇಕ ಬಾರಿ ಕೈ ಬದಲಾಯಿಸಿದ ಸಂದೇಶಗಳನ್ನು ಒಮ್ಮೆಗೆ ಒಬ್ಬರಿಗೆ ಮಾತ್ರ ಕಳುಹಿಸಬಹುದೆಂದು ಬಿಗಿಗೊಳಿಸಿತು. ಕೆಲವೇ ವಾರಗಳಲ್ಲಿ ಅಂತಹ ಸಂದೇಶಗಳ ಹರಿವು ಶೇಕಡಾ 70ರಷ್ಟು ಕಡಿಮೆಯಾಯಿತೆಂದು ಸಂಸ್ಥೆಯೇ ಪ್ರಕಟಿಸಿತು.

ಯಾರನ್ನೂ ಬಂಧಿಸಲಿಲ್ಲ, ಯಾರಿಗೂ ಉಪದೇಶ ಮಾಡಲಿಲ್ಲ. ಕಳುಹಿಸಬೇಕೆಂದವನು ಒಬ್ಬೊಬ್ಬರಿಗೇ ಕಳುಹಿಸಬಹುದಿತ್ತು. ಆದರೂ ಬೆರಳಿಗೆ ಎದುರಾದ ಆ ಸಣ್ಣ ತಡೆಯಿಂದಲೇ ಬಹುತೇಕರು ನಿಂತರು. ನಮ್ಮ ಅಭ್ಯಾಸದ ಮೂಲ ನಮ್ಮ ಮನಸ್ಸಿನಲ್ಲಿರುವಷ್ಟೇ ಉಪಕರಣದ ರಚನೆಯಲ್ಲಿಯೂ ಇದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿಲ್ಲ. ‘ಮನಸ್ಸು ಗಟ್ಟಿಮಾಡಿಕೋ’ ಎಂದು ಮಕ್ಕಳಿಗೆ ಹೇಳುತ್ತಲೇ ಇರುವ ನಾವು ಮನೆಯೊಳಗೆ ಇಂತಹ ಒಂದೆರಡು ಸಣ್ಣ ತಡೆಗಳನ್ನು ಇಟ್ಟುಕೊಂಡಿದ್ದೇವೆಯೇ?

ವಡಗಾವಿನ ಸೈರನ್

ಬೆಳಗಾವಿ ಮತ್ತು ವಿಜಯಪುರ ಜಿಲ್ಲೆಗಳಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾವ್ ಎಂಬ ಹಳ್ಳಿಯಿದೆ. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲು ಶಾಲೆ ತೆರೆದ ಮೇಲೂ ಕೆಳಗಿಳಿಯಲಿಲ್ಲವೆಂಬುದು ಅಲ್ಲಿನ ಶಿಕ್ಷಕರ ಅಳಲಾಗಿತ್ತು. 2022ರ ಆಗಸ್ಟ್‌ನಲ್ಲಿ ಊರವರು ಸೇರಿ ಒಂದು ತೀರ್ಮಾನಕ್ಕೆ ಬಂದರು. ಸಂಜೆ 7 ಗಂಟೆಗೆ ಊರಿನ ದೇವಾಲಯದ ಮೇಲಿನಿಂದ ಸೈರನ್ ಮೊಳಗುವುದು. ಆಗ ಮನೆಮನೆಯಲ್ಲೂ ಟಿ.ವಿ. ಮತ್ತು ಮೊಬೈಲುಗಳನ್ನು ಬದಿಗಿಟ್ಟು ಒಂದೂವರೆ ಗಂಟೆ ಕಾಲ ಓದು, ಬರಹ, ಮಾತುಕತೆಗಳಲ್ಲಿ ಕಳೆಯಬೇಕು. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಸೇವಿಕೆಯರು, ನಿವೃತ್ತ ಶಿಕ್ಷಕರು ಮೊದಲ ದಿನಗಳಲ್ಲಿ ಮನೆಮನೆಗೆ ಹೋಗಿ ತಿಳಿಹೇಳಿದರು. ಈ ನಿಯಮ ಮಕ್ಕಳಿಗೆ ಮಾತ್ರವಲ್ಲ, ಹಿರಿಯರಿಗೂ ಅನ್ವಯಿಸುತ್ತಿತ್ತೆಂಬುದು ಇದರ ಹಿರಿಮೆ.

ಇದನ್ನು ಓದುವಾಗ ಕ್ರೈಸ್ತ ಕುಟುಂಬಗಳಿಗೆ ಪರಿಚಿತವಾದುದೊಂದು ನೆನಪಾಗದಿರದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಇಗರ್ಜಿಯ ಗಂಟೆ ಮೊಳಗುತ್ತಿತ್ತು. ಗದ್ದೆಯಲ್ಲಿದ್ದವರು ಕೆಲಸ ನಿಲ್ಲಿಸಿ ಶಿಲುಬೆಯ ಗುರುತು ಹಾಕುತ್ತಿದ್ದರು. ಸಂಜೆಯ ಗಂಟೆಯ ಬಳಿಕ ಮನೆಯವರೆಲ್ಲ ಮಣೆ, ಚಾಪೆಗಳ ಮೇಲೆ ಕುಳಿತು ಜಪಸರ ಹಿಡಿಯುತ್ತಿದ್ದರು. ಆ ಪ್ರಾರ್ಥನೆ ಮುಗಿದೊಡನೆ ಕಿರಿಯರು ಹಿರಿಯರ ಆಶೀರ್ವಾದ ಬೇಡುವುದು, ಬಳಿಕ ಊಟ, ಊಟದೊಡನೆ ಮಾತು. ಆಗಿನವರೆಲ್ಲ ಏಕಾಗ್ರಚಿತ್ತರಾಗಿದ್ದರೆಂದು ಯಾರೂ ಹೇಳಲಾರರು. ಜಪದ ನಡುವೆ ತೂಕಡಿಸಿದ ಮಕ್ಕಳೂ, ಒಲೆಯ ಮೇಲಿನ ಸಾರಿನತ್ತ ಮನಸ್ಸಿಟ್ಟ ತಾಯಂದಿರೂ ಇದ್ದರು. ಆದರೆ ಮನೆಮಂದಿಯೆಲ್ಲ ಒಂದೇ ಕಡೆ ಇರುತ್ತಿದ್ದ ಹೊತ್ತೊಂದು ದಿನಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಆ ಹೊತ್ತನ್ನು ಆರಿಸುವ ಶ್ರಮವನ್ನು ಯಾರೂ ಪಡಬೇಕಾಗಿರಲಿಲ್ಲ, ಗಂಟೆಯೇ ಆರಿಸಿಕೊಡುತ್ತಿತ್ತು.

ಇಂದು ಗಂಟೆಗಳಿಗೆ ಕೊರತೆಯಿಲ್ಲ. ಒಬ್ಬೊಬ್ಬರ ಜೇಬಿನಲ್ಲಿಯೂ ಒಂದೊಂದು ಗಂಟೆ ದಿನವಿಡೀ ಕಿಣಿಗುಟ್ಟುತ್ತದೆ. ಇಗರ್ಜಿಯ ಗಂಟೆ ಎಲ್ಲರನ್ನೂ ಒಂದೆಡೆಗೆ ಕರೆಯುತ್ತಿದ್ದರೆ ಈ ಗಂಟೆಗಳು ಒಂದೆಡೆ ಇರುವವರನ್ನು ಬೇರೆ ಬೇರೆ ಕಡೆಗೆ ಎಳೆಯುತ್ತವೆ. ವಡಗಾವಿನವರು ಮಾಡಿದ್ದು ಹೊಸ ಸಂಶೋಧನೆಯಲ್ಲ. ಎಲ್ಲರಿಗೂ ಒಂದೇ ಗಂಟೆ ಎಂಬ ಹಳೆಯ ವಿವೇಕವನ್ನು ಅವರು ತಮ್ಮ ರೀತಿಯಲ್ಲಿ ಮರಳಿ ಪಡೆದರು. ಒಬ್ಬ ತಂದೆ ತನ್ನ ಮಗನಿಗೆ ಮಾತ್ರ ಮೊಬೈಲ್ ಇಡಲು ಹೇಳಿದರೆ ಅದು ಶಿಕ್ಷೆಯಾಗುತ್ತದೆ. ಊರೆಲ್ಲ ಇಟ್ಟಾಗ ಅದು ಪದ್ಧತಿಯಾಗುತ್ತದೆ.

ದೂರದವರು ಹತ್ತಿರ, ಹತ್ತಿರದವರು ದೂರ

ಹೀಗೆಂದ ಮಾತ್ರಕ್ಕೆ ಮೊಬೈಲನ್ನು ಶತ್ರುವೆಂದು ಸಾರುವುದು ಅನ್ಯಾಯವಾದೀತು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಯಜಮಾನರು ಕುವೈತ್, ದುಬೈ, ಮಸ್ಕತ್, ದೋಹಾಗಳಲ್ಲಿದ್ದಾರೆ. ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆಂದು ಹೋಗಿರುವ ನಮ್ಮ ಸಹೋದರ ಸಹೋದರಿಯರಿದ್ದಾರೆ. ಒಂದು ತಲೆಮಾರಿನ ಹಿಂದೆ ಅಂತಹ ಮನೆಗಳಲ್ಲಿ ಪತ್ರವೊಂದಕ್ಕೆ ವಾರಗಟ್ಟಲೆ ಕಾಯಬೇಕಾಗಿತ್ತು. ಮಗು ಹುಟ್ಟಿದ ಸುದ್ದಿಗೆ ತಂತಿ ಕಳುಹಿಸಬೇಕಾಗಿತ್ತು. ಎಸ್‌.ಟಿ.ಡಿ. ಬೂತಿನ ಮೀಟರಿನ ಅಂಕಿ ಏರುವುದನ್ನು ನೋಡುತ್ತಲೇ ಮಾತನಾಡಬೇಕಾಗಿತ್ತು. ಇಂದು ತಂದೆಯಾದವನು ಮಗುವಿನ ಮೊದಲ ಹೆಜ್ಜೆಯನ್ನು ಮರಳುಗಾಡಿನ ತನ್ನ ಕೋಣೆಯಲ್ಲೇ ಕುಳಿತು ನೋಡಬಲ್ಲನು. ಹಾಸಿಗೆ ಹಿಡಿದ ತಾಯಿ ಸಾಯುವ ಮುನ್ನ ಮಗಳ ಮುಖವನ್ನು ಕಾಣಬಲ್ಲಳು. ಮೀನು ಮಾರುವ ಹೆಂಗಸಿಗೂ ಇಂದು ಅದೇ ಹಣದ ಚೀಲ; 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆ ಚಿಲ್ಲರೆಯ ಜಗಳವನ್ನು ಮುಗಿಸಿದೆ. ಇಷ್ಟೆಲ್ಲ ಉಪಕಾರ ಮಾಡಿದ ಉಪಕರಣವನ್ನು ಬಾವಿಗೆ ಎಸೆಯಿರಿ ಎನ್ನುವವರ ಮಾತಿಗೆ ಯಾರೂ ಕಿವಿಗೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಕಷ್ಟವಿರುವುದು ಇಲ್ಲಿಯೇ. ಕುವೈತಿನಲ್ಲಿರುವ ಮಗನೊಡನೆ ಅರ್ಧ ಗಂಟೆ ಮಾತನಾಡಿದ ತಂದೆ, ಕರೆ ಮುಗಿದ ಮೇಲೂ ಅದೇ ಪರದೆಯೊಳಗೆ ಉಳಿದುಬಿಡುತ್ತಾನೆ. ಪಕ್ಕದ ಕುರ್ಚಿಯಲ್ಲಿ ಕುಳಿತ ಮಗಳು ಪರೀಕ್ಷೆಯ ಭಯವನ್ನು ಹೇಳಿಕೊಳ್ಳಲು ಕಾಯುತ್ತಿರುತ್ತಾಳೆ. ದೂರವನ್ನು ಅಳಿಸಿದ ಸಾಧನವೇ ಹತ್ತಿರದಲ್ಲಿ ದೂರವನ್ನು ಹುಟ್ಟಿಸುತ್ತದೆ. ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬದ ಕುರಿತು ಹೊರಡಿಸಿದ ‘ಅಮೋರಿಸ್ ಲೆಟೀಶಿಯಾ’ ಎಂಬ ಪ್ರೇಷಿತ ಪ್ರಬೋಧನೆಯಲ್ಲಿ ಈ ಎರಡು ಮುಖಗಳನ್ನೂ ಗುರುತಿಸಿದ್ದರು. ದೂರವಿರುವ ಕುಟುಂಬದವರನ್ನು ಈ ಸಾಧನಗಳು ಬೆಸೆಯುತ್ತವೆಂದು ಒಪ್ಪಿಕೊಂಡೇ, ರಾತ್ರಿಯೂಟದ ಹೊತ್ತಿಗೆ ತಂತಮ್ಮ ಮೊಬೈಲಿನಲ್ಲಿ ಮುಳುಗಿದವರನ್ನೂ, ಸಂಗಾತಿಗಾಗಿ ಕಾದು ಕಾದು ನಿದ್ರೆಹೋಗುವ ಪತಿಪತ್ನಿಯರನ್ನೂ ಅವರು ಉದಾಹರಿಸಿದ್ದಾರೆ. ಇಂತಹ ಉದಾಹರಣೆಗಾಗಿ ರೋಮಿನವರೆಗೆ ಹೋಗಬೇಕಾಗಿಲ್ಲವೆಂಬುದು ನಮಗೆಲ್ಲರಿಗೂ ಗೊತ್ತಿದೆ.

ಎಣಿಸುವುದು, ಶೋಧಿಸುವುದು

2018ರಿಂದೀಚೆಗೆ ಐಫೋನ್ ಮತ್ತು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಹೊಸದೊಂದು ಅನುಕೂಲ ಸೇರಿದೆ. ದಿನಕ್ಕೆ ಎಷ್ಟು ಗಂಟೆ ಪರದೆಯನ್ನು ನೋಡಿದೆವು, ಎಷ್ಟು ಬಾರಿ ಕೈಗೆತ್ತಿಕೊಂಡೆವು, ಯಾವ ತಾಣದಲ್ಲಿ ಎಷ್ಟು ಹೊತ್ತು ಕಳೆದೆವು ಎಂಬುದನ್ನೆಲ್ಲ ಮೊಬೈಲೇ ಲೆಕ್ಕವಿಡುತ್ತದೆ. ಅದನ್ನು ನೋಡಿದವರು ಮೊದಲ ದಿನ ಬೆಚ್ಚುತ್ತಾರೆ, ಎರಡನೆಯ ದಿನ ನಗುತ್ತಾರೆ, ಮೂರನೆಯ ದಿನದಿಂದ ಮರೆಯುತ್ತಾರೆ. ಲೆಕ್ಕವೊಂದೇ ಯಾರನ್ನೂ ತಿದ್ದುವುದಿಲ್ಲ.

ಸೋಜಿಗವೆಂದರೆ, ಇಂತಹ ಲೆಕ್ಕವನ್ನು ಹದಿನಾರನೆಯ ಶತಮಾನದಲ್ಲಿಯೇ ಬೋಧಿಸಿದವರೊಬ್ಬರಿದ್ದರು. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲರು ತಮ್ಮ ಆಧ್ಯಾತ್ಮಿಕ ಸಾಧನೆಯ ಗ್ರಂಥದಲ್ಲಿ, ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ಆರಿಸಿಕೊಂಡು, ವಾರದ ದಿನಗಳಿಗೆ ಒಂದೊಂದು ಗೆರೆಯೆಳೆದು, ಎಡವಿದಾಗಲೆಲ್ಲ ಆ ಗೆರೆಯ ಮೇಲೆ ಚುಕ್ಕೆಯಿಡುವ ಕ್ರಮವನ್ನು ತಿಳಿಸಿದ್ದಾರೆ. ಇಂದಿನ ಚುಕ್ಕೆಗಳನ್ನು ನಿನ್ನೆಯವುಗಳೊಡನೆ, ಈ ವಾರದವನ್ನು ಹಿಂದಿನ ವಾರದವುಗಳೊಡನೆ ಹೋಲಿಸಬೇಕು. ಮೊಬೈಲಿನ ಲೆಕ್ಕಕ್ಕೂ ಈ ಲೆಕ್ಕಕ್ಕೂ ಇರುವ ಅಂತರ ದೊಡ್ಡದು. ಚುಕ್ಕೆಯಿಡುವ ಕೈ ನಮ್ಮದೇ ಆದಾಗ, ಎಡವಿದ ಪ್ರತಿ ಸಲವೂ ಒಂದು ಕ್ಷಣ ನಿಂತು ನೋಡಿಕೊಳ್ಳಬೇಕಾಗುತ್ತದೆ. ಏಕೆ ಎತ್ತಿಕೊಂಡೆ? ಬೇಸರವಾಗಿತ್ತೇ? ಯಾರೊಡನೆಯೋ ಆಡಬೇಕಾಗಿದ್ದ ಕಠಿಣ ಮಾತೊಂದನ್ನು ತಪ್ಪಿಸಿಕೊಳ್ಳುತ್ತಿದ್ದೆನೇ? ಯಂತ್ರವು ಎಷ್ಟೆಂದು ಹೇಳಬಲ್ಲುದು, ಏಕೆಂದು ಹೇಳಲಾರದು.

2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ಸಂತ ಪದವಿಗೇರಿಸಿದ ಕಾರ್ಲೊ ಅಕುಟಿಸ್ ಎಂಬ ಹುಡುಗನ ಹೆಸರನ್ನು ಇಂದು ನಮ್ಮ ಮಕ್ಕಳೆಲ್ಲ ಬಲ್ಲರು. 1991ರಲ್ಲಿ ಹುಟ್ಟಿ, 2006ರಲ್ಲಿ 15ನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ಮಡಿದ ಈತನನ್ನು ಕಂಪ್ಯೂಟರಿನ ಸಂತನೆಂದು ಕರೆಯುವುದುಂಟು. ಪರಮಪ್ರಸಾದದ ಅದ್ಭುತಗಳ ಕುರಿತು ಅವನು ಅಂತರ್ಜಾಲದಲ್ಲಿ ಮಾಡಿದ ಕೆಲಸವನ್ನು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಮನೆಗಳಿಗೆ ಹೆಚ್ಚು ಉಪಯುಕ್ತವಾದ ಸಂಗತಿ ಬೇರೆಯಿದೆ. ಅವನಿಗೆ ವಿಡಿಯೊ ಆಟಗಳು ಇಷ್ಟವಾಗಿದ್ದವು. ಆದರೂ ವಾರಕ್ಕೆ ಒಂದು ಗಂಟೆಗಿಂತ ಹೆಚ್ಚು ಆಡುವುದಿಲ್ಲವೆಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನೆಂದು ಅವನ ಜೀವನವನ್ನು ಬರೆದವರು ತಿಳಿಸುತ್ತಾರೆ. ಯಂತ್ರವನ್ನು ಅವನು ದ್ವೇಷಿಸಲಿಲ್ಲ, ಪ್ರೀತಿಸಿದನು. ಪ್ರೀತಿಸಿದುದರಿಂದಲೇ ಅದಕ್ಕೊಂದು ಅಳತೆಯನ್ನು ಗೊತ್ತುಮಾಡಿದನು. ‘ಕಡಿಮೆ ಮಾಡುತ್ತೇನೆ’ ಎಂಬ ಸಂಕಲ್ಪ ಎರಡು ದಿನ ನಿಲ್ಲುವುದು ಕಷ್ಟ. ‘ವಾರಕ್ಕೆ ಒಂದು ಗಂಟೆ’ ಎಂಬ ಸಂಕಲ್ಪ ಮುರಿದಾಗ ಮುರಿದುದು ತಿಳಿಯುತ್ತದೆ.

ಮನೆಯಲ್ಲಿ ಮಾಡಬಹುದಾದುದು

ಹಾಗಾದರೆ ನಾವೇನು ಮಾಡಬಹುದು? ಮೇಲೆ ಹೇಳಿದ ಅನುಭವಗಳಿಂದ ದೊರೆಯುವ ಪಾಠ ಒಂದೇ. ದೊಡ್ಡ ಪ್ರತಿಜ್ಞೆಗಿಂತ ಸಣ್ಣ ತಡೆ ಮೇಲು. ಒಬ್ಬನ ನಿಯಮಕ್ಕಿಂತ ಎಲ್ಲರ ಪದ್ಧತಿ ಮೇಲು.

ಮೊದಲನೆಯದಾಗಿ, ಮೊಬೈಲುಗಳಿಗೆ ಮನೆಯಲ್ಲಿ ಒಂದು ಸ್ಥಳವಿರಲಿ. ಚಪ್ಪಲಿಗೆ ಜಗಲಿ, ಕೊಡೆಗೆ ಮೂಲೆ ಇರುವಂತೆ ಊಟದ ಹೊತ್ತಿನಲ್ಲಿಯೂ ಮಲಗುವ ಹೊತ್ತಿನಲ್ಲಿಯೂ ಎಲ್ಲರ ಮೊಬೈಲುಗಳೂ ಒಂದು ಕಪಾಟಿನ ಮೇಲೆ ಚಾರ್ಜಿಗಿರಲಿ. ಅಮೆರಿಕೆಯ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊಬೈಲನ್ನು ಬೇರೆ ಕೋಣೆಯಲ್ಲಿ ಇಟ್ಟುಬಂದವರು ಮೇಜಿನ ಮೇಲೆ ಇಟ್ಟುಕೊಂಡವರಿ​ಗಿಂತ ಏಕಾಗ್ರತೆಯ ಪರೀಕ್ಷೆಯಲ್ಲಿ ಮುಂದಿದ್ದರು. ಆ ಬಳಿಕ ಬೇರೆಯವರು ನಡೆಸಿದ ಎಲ್ಲ ಪ್ರಯೋಗಗಳೂ ಇದನ್ನು ಸಮರ್ಥಿಸಿಲ್ಲವಾದುದರಿಂದ ಇದೇ ಕೊನೆಯ ಮಾತಲ್ಲ. ಆದರೂ ಕಣ್ಣಿಗೆ ಕಾಣದ ವಸ್ತುವನ್ನು ಎತ್ತಿಕೊಳ್ಳಲು ಎದ್ದು ಹೋಗಬೇಕೆಂಬುದೇ ಒಂದು ತಡೆ. ಬೆಳಿಗ್ಗೆ ಏಳಲು ಅಲಾರಾಂ ಬೇಕೆಂಬುದು ಹಲವರ ನೆಪ. ಅದಕ್ಕೊಂದು ಸಾಮಾನ್ಯ ಗಡಿಯಾರ ಸಾಕು.

ಎರಡನೆಯದಾಗಿ, ಮೊಬೈಲಿನ ಸದ್ದುಗಳನ್ನು ಆರಿಸಿಕೊಳ್ಳೋಣ. ಮನುಷ್ಯರು ಮಾಡುವ ಕರೆಗೆ ಗಂಟೆ ಬಾರಿಸಲಿ. ಅಂಗಡಿಯ ರಿಯಾಯಿತಿಗೂ, ಅಪರಿಚಿತರ ಚಿತ್ರಕ್ಕೂ ಬಾರಿಸಬೇಕಾಗಿಲ್ಲ. ಇವುಗಳ ಸೂಚನೆಯನ್ನು ನಿಲ್ಲಿಸಲು ಹತ್ತು ನಿಮಿಷ ಸಾಕು. ಗಲ್ಫಿನ ಕರೆಗೆ ಒಂದು ಹೊತ್ತು ಗೊತ್ತುಮಾಡಿಕೊಂಡರೆ ಆ ಕರೆಗಾಗಿ ದಿನವಿಡೀ ಪರದೆ ನೋಡುವುದೂ ತಪ್ಪುತ್ತದೆ. ಮನೆಯವರೆಲ್ಲ ಒಟ್ಟಿಗೆ ಕುಳಿತು ಮಾತನಾಡಿದಂತೆಯೂ ಆಗುತ್ತದೆ.

ಮೂರನೆಯದಾಗಿ, ಬಂದ ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ಮುನ್ನ ಒಂದು ರಾತ್ರಿ ಕಾಯೋಣ. ಜೀವ ಉಳಿಸುವ ರಕ್ತದಾನದ ಕರೆಯಂತಹವನ್ನು ಬಿಟ್ಟರೆ ನಾಳೆಯವರೆಗೆ ಕಾಯಲಾರದ ಸುದ್ದಿಗಳು ತೀರ ವಿರಳ. ಕಳುಹಿಸಿದವರು ಗುರುಗಳಾದರೂ ಸರಿ, ಸ್ವಂತ ಅಣ್ಣನಾದರೂ ಸರಿ, ಅವರು ಎಲ್ಲಿಂದ ಪಡೆದರೆಂದು ಕೇಳುವುದು ಅಗೌರವವಲ್ಲ. ನಮ್ಮ ವಾರ್ಡಿನ ಗುರಿಕಾರರು, ಸಂಘಗಳ ಪದಾಧಿಕಾರಿಗಳು ಗುಂಪುಗಳಲ್ಲಿ ರಾತ್ರಿ 9ರ ಮೇಲೆ ಸಂದೇಶ ಹಾಕುವುದಿಲ್ಲವೆಂದು ನಿಶ್ಚಯಿಸಿದರೆ ಒಂದೇ ಏಟಿಗೆ ನೂರಾರು ಮನೆಗಳಿಗೆ ನೆಮ್ಮದಿ ದೊರೆಯುತ್ತದೆ. ವಡಗಾವಿನವರು ಊರಿಗೆ ಮಾಡಿದ್ದನ್ನು ನಾವು ಒಂದು ವಾರ್ಡಿಗೆ ಮಾಡಲಾಗದೇ?

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ನಿಯಮವನ್ನು ಹಿರಿಯರೇ ಮೊದಲು ಪಾಲಿಸಬೇಕು. ತಂದೆಯ ಮೊಬೈಲ್ ಕಪಾಟಿನ ಮೇಲೆ ಮೊದಲು ಕುಳಿತರೆ ಮಗನದು ತಾನಾಗಿ ಬಂದೀತು. ತಂದೆ ‘ನನಗೆ ಕೆಲಸವಿದೆ’ ಎಂದು ಎತ್ತಿಕೊಂಡರೆ ಮಗನಿಗೂ ಒಂದು ಕೆಲಸ ಹುಟ್ಟಿಕೊಳ್ಳುತ್ತದೆ. ಇಂದಿನ ಮಕ್ಕಳು ಮಾತು ಕೇಳುವುದಿಲ್ಲವೆಂಬುದು ಸಾರ್ವತ್ರಿಕ ದೂರು. ಅವರು ನಮ್ಮ ಮಾತಿಗಿಂತ ನಮ್ಮ ಕೈಗಳನ್ನು ಹೆಚ್ಚು ಗಮನಿಸುತ್ತಾರೆಂಬುದು ಅದಕ್ಕೆ ಕಾರಣವಿರಬಹುದು.

ಕಾನೂನುಗಳು ಬರಲಿ, ಕಂಪೆನಿಗಳು ದಂಡ ತೆರಲಿ. ಅವರನ್ನು ಹೊಣೆಗಾರರನ್ನಾಗಿಸುವ ಕೆಲಸ ಸರಕಾರಗಳದು. ಅದನ್ನು ಅವು ಮಾಡುವಂತೆ ಒತ್ತಾಯಿಸುವುದು ನಾಗರಿಕರಾದ ನಮ್ಮ ಹಕ್ಕು. ಆದರೆ ಆ ದಿನಕ್ಕಾಗಿ ಕಾಯುತ್ತಿರುವಾಗಲೇ ನಮ್ಮ ಮಕ್ಕಳು ಬೆಳೆದು ಮನೆ ಬಿಟ್ಟು ಹೋಗುತ್ತಾರೆ, ನಮ್ಮ ತಂದೆತಾಯಿಗಳು ಹೇಳಬೇಕೆಂದಿದ್ದುದನ್ನು ಹೇಳದೆಯೇ ಕಣ್ಣುಮುಚ್ಚುತ್ತಾರೆ. ಹದಿನೆಂಟು ತಿಂಗಳ ಕಾಲಾವಕಾಶ ಕಂಪೆನಿಗಳಿಗೆ ದೊರೆಯಬಹುದು. ಒಂದು ಮಗುವಿನ ಬಾಲ್ಯಕ್ಕೆ ಅಂತಹ ಮುಂದೂಡಿಕೆಯಿಲ್ಲ. ಈ ವಾರ ಯಾವುದಾದರೂ ಒಂದು ಸಂಜೆ, ಒಂದೇ ಒಂದು ಗಂಟೆ, ಮನೆಯ ಎಲ್ಲ ಮೊಬೈಲುಗಳನ್ನೂ ಬದಿಗಿಟ್ಟು ನೋಡೋಣ. ಮೊದಲ ಹತ್ತು ನಿಮಿಷ ಏನು ಮಾತನಾಡಬೇಕೆಂಬುದು ತೋಚದೆ ಕಷ್ಟವಾಗಬಹುದು. ಆ ಹತ್ತು ನಿಮಿಷವನ್ನು ತಾಳಿಕೊಂಡ ಮನೆಯಲ್ಲಿ ಮಾತು ಮತ್ತೆ ಹುಟ್ಟುವುದೆಂಬ ವಿಶ್ವಾಸವಿರಲಿ.